ಒಂದೇ ಮಾತು, ಎರಡು ಸಾಲು

ಸತ್ತ ಹೆಂಗಸೊಬ್ಬಳು ನನ್ನ ಮುಂದೆ ನಿಂತಿದ್ದಳು. ನಿಂತಿದ್ದಳು ಅನ್ನುವುದೂ ತಪ್ಪು, ಗೋರಿಯ ಪಕ್ಕ ಗಾಳಿಯಲ್ಲಿ ತೇಲುತ್ತಿದ್ದಳು. ಹೆಸರು ಡೇಯೊನಾರಾ. ಅವಳಿಗೆ ನಾನು ಚೆನ್ನಾಗಿ ಗೊತ್ತು. ನನಗೆ ಅವಳು ಯಾರು ಅಂತಲೇ ಗೊತ್ತಿಲ್ಲ. ಹಿಂದೊಮ್ಮೆ ನನ್ನನ್ನು ಪ್ರೀತಿಸಿ, ನನ್ನ ಜೊತೆ ಎಲ್ಲಿಗೋ ಹೊರಟು, ಅಲ್ಲೇ ಜೀವ ಬಿಟ್ಟವಳಂತೆ. ಈಗ ನನ್ನಿಂದ ಒಂದು ಮಾತು ಬೇಕಾಗಿದೆ ಅವಳಿಗೆ.

ಪರದೆಯ ಕೆಳಗೆ ಉತ್ತರಗಳ ಪಟ್ಟಿ ಬಂತು. ಅದರಲ್ಲಿ ಎರಡು ಸಾಲು ಒಂದೇ ಥರ ಇದ್ದವು. ನಿನ್ನನ್ನು ಹೇಗಾದರೂ ಉಳಿಸುತ್ತೇನೆ, ಇಲ್ಲವಾದರೆ ನೀನಿರುವಲ್ಲಿಗೇ ಬರುತ್ತೇನೆ ಎನ್ನುವ ಅರ್ಥದ ಮಾತು. ಒಂದರ ಮುಂದೆ 'ಪ್ರಮಾಣ' ಅಂತ ಗುರುತು. ಇನ್ನೊಂದರ ಮುಂದೆ 'ಸುಳ್ಳು' ಅಂತ ಗುರುತು. ಅವಳ ಕಿವಿಗೆ ಬೀಳುವ ಮಾತು ಎರಡರಲ್ಲೂ ಅದೇ.

ರಾತ್ರಿ ಹನ್ನೆರಡು ಹತ್ತಿರ ಆಗಿತ್ತು. ಟ್ಯಾಬ್ ಹಿಡಿದುಕೊಂಡು ಮಂಚದ ತುದಿಯಲ್ಲಿ ಕೂತಿದ್ದೆ. ಬೆರಳು ಮೇಲೆತ್ತಿದ್ದು ಹಾಗೇ ಉಳಿಯಿತು. ನಾನು ಟೆಸ್ಟಿಂಗ್ ಕೆಲಸದವನು. ದಿನಕ್ಕೆ ನೂರಾರು ಸಲ ಬಟನ್ ಒತ್ತುತ್ತೇನೆ, ಯಾವುದಕ್ಕೂ ಎರಡು ಸಲ ಯೋಚಿಸುವುದಿಲ್ಲ. ಇಲ್ಲಿ ಮಾತ್ರ ಪೂರ್ತಿ ಐದು ನಿಮಿಷ ಸುಮ್ನೆ ಕೂತೆ.

ಹೆಂಡತಿ ಮಗ್ಗುಲು ಬದಲಿಸಿ ಪರದೆ ನೋಡಿದಳು. "ಇದು ಗೇಮಾ, ಪುಸ್ತಕನಾ?"

"ಗೇಮು."

"ಎರಡೂ ಸಾಲು ಒಂದೇ ಅಲ್ವಾ? ಯಾವುದಾದ್ರೂ ಒತ್ತಿ ಮಲಗಿ."

ಗೇಮಿನ ಹೆಸರು 'ಪ್ಲೇನ್‌ಸ್ಕೇಪ್: ಟಾರ್ಮೆಂಟ್'. ಅಮೆರಿಕದ ಬ್ಲ್ಯಾಕ್ ಐಲ್ ಸ್ಟುಡಿಯೋಸ್ ಮಾಡಿದ್ದು, ಇಂಟರ್‌ಪ್ಲೇ ಕಂಪನಿ 1999ರ ಡಿಸೆಂಬರ್‌ನಲ್ಲಿ ಹೊರತಂದದ್ದು. ಅಂದರೆ ನಾನು ಈಗ ಬರೆಯುತ್ತಿರುವುದು ಕಾಲು ಶತಮಾನ ದಾಟಿದ ಗೇಮಿನ 'ಮೊದಲ ಅನಿಸಿಕೆ'. ನಗಬೇಡಿ. ತಡವಾದದ್ದಕ್ಕೆ ಕಾರಣ ಇದೆ.

2003ರಲ್ಲೋ 2004ರಲ್ಲೋ ಇರಬೇಕು, ನಾನಾಗ ಸಾಗರದಲ್ಲಿ ಪಿಯುಸಿ ಓದುತ್ತಿದ್ದೆ. ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಸೈಬರ್ ಕೆಫೆ ಇತ್ತು. ಗಂಟೆಗೆ 20 ರೂಪಾಯಿ. ಇಂಟರ್ನೆಟ್‌ಗಿಂತ ಗೇಮ್ ಆಡುವವರೇ ಜಾಸ್ತಿ. ಬೈಕ್ ಓಡಿಸುತ್ತಾ ಪಕ್ಕದವನಿಗೆ ಒದೆಯುವುದು, ಬಂದೂಕು ಹಿಡಿದು ಗೋಡೆಯ ಹಿಂದೆ ಬಚ್ಚಿಟ್ಟುಕೊಳ್ಳುವುದು, ಇಂಥವು. ಅಲ್ಲಿದ್ದ ಅಣ್ಣ ಒಂದು ದಿನ ರಬ್ಬರ್ ಬ್ಯಾಂಡ್ ಹಾಕಿದ ಸಿಡಿಗಳ ಕಟ್ಟು ಕೊಟ್ಟ. "ಇದು ಯಾರೂ ಆಡಲ್ಲ ಕಣೋ, ಬರೀ ಓದೋದು. ನೀನು ಪುಸ್ತಕದ ಹುಳ, ನೋಡು ಬೇಕಾದ್ರೆ" ಅಂದ. ಅಸಲಿ ಸಿಡಿ ಅಲ್ಲ, ಮೇಲೆ ಮಾರ್ಕರ್ ಪೆನ್ನಲ್ಲಿ ಹೆಸರು ಬರೆದಿತ್ತು.

ಹತ್ತನೇ ಕ್ಲಾಸಿನವರೆಗೆ ನಾನು ಓದಿದ್ದು ಕನ್ನಡ ಮೀಡಿಯಂ. ಗೇಮ್ ಶುರುವಾಯಿತು. ಮೈ ತುಂಬಾ ಗಾಯದ ಕಲೆ ಇರುವ ಒಬ್ಬ ಮನುಷ್ಯ ಕಲ್ಲಿನ ಮೇಜಿನಿಂದ ಎದ್ದ. ಒಂದು ಬುರುಡೆ ಹಾರಿ ಬಂದು ಮಾತಾಡತೊಡಗಿತು. ಪರದೆಯ ತುಂಬಾ ಇಂಗ್ಲಿಷ್. ಅದೂ ನಮ್ಮ ಪಠ್ಯಪುಸ್ತಕದ ಇಂಗ್ಲಿಷ್ ಅಲ್ಲ. ಒಂದೊಂದು ಸಾಲಿಗೂ ಒಂದೊಂದು ನಿಮಿಷ ಬೇಕಿತ್ತು. ಗಂಟೆಗೆ 20 ರೂಪಾಯಿ ಕೊಟ್ಟು ಡಿಕ್ಷನರಿ ನೋಡುವುದು ಯಾವ ಲೆಕ್ಕ? ಮುಕ್ಕಾಲು ಗಂಟೆ ಕೂತೆ. ಆ ಕೋಣೆಯಿಂದ ಹೊರಗೆ ಹೋಗಲೂ ಆಗಲಿಲ್ಲ. ಸಿಡಿ ವಾಪಸ್ ಕೊಟ್ಟು, "ಬೋರ್ ಇದೆ ಅಣ್ಣ" ಅಂದೆ. ಅದು ಸುಳ್ಳು. ಅರ್ಥ ಆಗಲಿಲ್ಲ ಅನ್ನುವುದಕ್ಕೆ ನಾಚಿಕೆ ಆಗಿತ್ತು, ಅಷ್ಟೇ.

ಬೀಮ್‌ಡಾಗ್ ಅನ್ನುವ ಕೆನಡಾದ ಕಂಪನಿ 2017ರ ಏಪ್ರಿಲ್‌ನಲ್ಲಿ ಇದನ್ನು ಸ್ವಲ್ಪ ಒರೆಸಿ, ತಿಕ್ಕಿ, ಹೊಸ ಪರದೆಗಳಿಗೆ ಹೊಂದಿಸಿ ಮತ್ತೆ ಹೊರತಂದಿತು. ಮೊಬೈಲ್, ಟ್ಯಾಬ್‌ಗಳಲ್ಲೂ ಸಿಗುತ್ತದೆ. ಕಳೆದ ತಿಂಗಳು ಜ್ವರ ಬಂದು ನಾಲ್ಕು ದಿನ ಮನೆಯಲ್ಲಿ ಬಿದ್ದಿದ್ದಾಗ ದುಡ್ಡು ಕೊಟ್ಟೇ ತಗೊಂಡೆ. ಈ ಸಲ ಅಸಲಿ.

ಶುರುವಿನಲ್ಲೇ ಒಂದು ವಿಚಿತ್ರ ಕಾಣುತ್ತದೆ. ಬೇರೆ ಗೇಮುಗಳಲ್ಲಿ ಮೊದಲ ಅರ್ಧ ಗಂಟೆ ಮೂಗು, ಕೂದಲು, ಕುಲ, ಹೆಸರು ಆರಿಸುವುದರಲ್ಲಿ ಹೋಗುತ್ತದೆ. ಇಲ್ಲಿ ಅದ್ಯಾವುದೂ ಇಲ್ಲ. ನಿಮ್ಮ ಪಾತ್ರಕ್ಕೆ ಹೆಸರೇ ಇಲ್ಲ, ಅವನು ಹೆಸರಿಲ್ಲದವನು. ಮುಖ ಅದೇ, ಗಾಯ ಅದೇ. ನಿಮಗೆ ಸಿಗುವುದು 21 ಅಂಕ. ಬಲ, ಚುರುಕು, ಬುದ್ಧಿ, ವಿವೇಕ, ಮೈಕಟ್ಟು, ವರ್ಚಸ್ಸು ಎಂಬ ಆರಕ್ಕೆ ಅದನ್ನು ಹಂಚಬೇಕು. ನಾನು ಅಭ್ಯಾಸಬಲದಿಂದ ಬಲಕ್ಕೆ ಸುರಿಯಲು ಹೊರಟಿದ್ದೆ. ಆಫೀಸಿನ ಗೆಳೆಯನೊಬ್ಬ ತಡೆದ. "ಇದು ತಲೆ ಉಪಯೋಗಿಸೋ ಗೇಮು, ತೋಳಿಗೆ ಹಾಕಬೇಡ" ಅಂದ. ಹಾಗಾಗಿ ಹೆಚ್ಚಿನದೆಲ್ಲ ವಿವೇಕಕ್ಕೂ ಬುದ್ಧಿಗೂ ಹೋಯಿತು. ನಿಜಜೀವನದಲ್ಲಿ ಇಷ್ಟು ಸುಲಭವಾಗಿ ಹಾಕಿಕೊಳ್ಳುವ ಹಾಗಿದ್ದಿದ್ದರೆ!

ಎದ್ದ ಜಾಗ ಒಂದು ಹೆಣದ ಮನೆ. ಊರಿನಲ್ಲಿ ಸತ್ತವರನ್ನೆಲ್ಲ ಅಲ್ಲಿಗೆ ತರುತ್ತಾರೆ. ನಡೆಸುವವರಿಗೆ ಡಸ್ಟ್‌ಮೆನ್ ಅಂತ ಹೆಸರು. ನಾವೆಲ್ಲ ಆಗಲೇ ಸತ್ತವರು, ಈ ಬದುಕು ಸಾವಿನದೇ ಒಂದು ನೆರಳು, ಆಸೆ ಬಿಟ್ಟರೆ ಮಾತ್ರ ನಿಜವಾದ ಸಾವು ಸಿಗುತ್ತದೆ ಅಂತ ಅವರ ನಂಬಿಕೆ. ಕೇಳಿದರೆ ವೇದಾಂತ. ಕೆಲಸ ಮಾತ್ರ ಹೆಣ ಹೊಲಿಯುವುದು.

ಹಾರುವ ಬುರುಡೆಯ ಹೆಸರು ಮಾರ್ಟ್. ಒಂದು ಕ್ಷಣ ಬಾಯಿ ಮುಚ್ಚುವುದಿಲ್ಲ. ನನ್ನ ಬೆನ್ನಿನ ಮೇಲೆ ಹಚ್ಚೆ ಹಾಕಿಸಿ ಏನೋ ಬರೆದಿದೆ. ನನಗೆ ನೋಡಲಾಗುವುದಿಲ್ಲವಲ್ಲ, ಅದನ್ನು ಅವನೇ ಓದಿ ಹೇಳುತ್ತಾನೆ. ನೀನು ಗೊಂದಲದಲ್ಲಿದ್ದೀಯ ಅಂತ ಗೊತ್ತು, ಸಮಾಧಾನ ಮಾಡಿಕೋ, ನಿನ್ನ ದಿನಚರಿ ಪುಸ್ತಕ ಹುಡುಕು, ಫ್ಯಾರಡ್ ಎಂಬುವನನ್ನು ಕಾಣು, ನೀನು ಯಾರು ಅಂತ ಯಾರಿಗೂ ಹೇಳಬೇಡ, ಹೀಗೆ. ಬರೆದವನು ನಾನೇ. ಯಾವಾಗ ಬರೆಸಿದೆನೋ ಗೊತ್ತಿಲ್ಲ. ಚಿಕ್ಕಂದಿನಲ್ಲಿ ಓದಿದ ಬೇತಾಳನ ಕಥೆ ನೆನಪಾಯಿತು. ಅಲ್ಲಿ ಹೆಣ ಬೆನ್ನೇರಿ ಕಥೆ ಹೇಳುತ್ತಿತ್ತು. ಇಲ್ಲಿ ಬೆನ್ನೇ ಕಥೆ, ಬುರುಡೆ ಅದನ್ನು ಓದುತ್ತದೆ. ಇನ್ನೊಬ್ಬರು ಓದಿ ಹೇಳಿದ್ದನ್ನು ಪೂರ್ತಿ ನಂಬಬಹುದಾ ಅನ್ನುವ ಅನುಮಾನ ನನಗೆ ಆಗಲೇ ಬಂದಿದೆ. ಉತ್ತರ ಗೊತ್ತಿರುವವರು ದಯವಿಟ್ಟು ಹೇಳಬೇಡಿ.

ಈ ಹೆಣದ ಮನೆಯಲ್ಲಿ ನಾನು ಮೂರು ರಾತ್ರಿ ಕಳೆದೆ. ಗಡಿಬಿಡಿಯವರು ಅರ್ಧ ಗಂಟೆಯಲ್ಲಿ ದಾಟುತ್ತಾರಂತೆ. ನನಗೆ ಅಲ್ಲಿ ಸಿಕ್ಕಿದ್ದನ್ನು ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಐ-ವೇನ್ ಎಂಬ ಒಬ್ಬಳು ಹೆಣ ಹೊಲಿಯುತ್ತಿದ್ದಳು. ಅವಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ನನ್ನನ್ನು ನೋಡಿ ಇದೂ ಒಂದು ಕೆಲಸದ ಹೆಣ ಅಂದುಕೊಂಡು, ಹೋಗಿ ದಾರ ತಾ, ಹೆಣಕ್ಕೆ ಹಚ್ಚುವ ಎಣ್ಣೆ ತಾ ಅಂದಳು. ಆ ಮನೆಯಲ್ಲಿ ಎದ್ದು ಓಡಾಡುವ ಹೆಣಗಳೇ ಆಳುಗಳು. ಹಣೆಯ ಮೇಲೆ ನಂಬರ್ ಕೊರೆದಿರುತ್ತದೆ. ನಾನು ಅವಳನ್ನು ತಿದ್ದಬಹುದಿತ್ತು. ಹೊಡೆಯಬಹುದಿತ್ತು. ಎರಡೂ ಮಾಡದೆ ಹೆಣದ ಹಾಗೇ ನಡೆದು ಹೋಗಿ ದಾರ ತಂದುಕೊಟ್ಟೆ. ಅವಳು ನನ್ನನ್ನೇ ಹಿಡಿದು ಹೊಲಿದಳು! ಗಾಯ ಮುಚ್ಚಿ, ಎಣ್ಣೆ ಹಚ್ಚಿ ಕಳಿಸಿದಳು. ನನ್ನ ಪಾತ್ರ ಅದರಿಂದ ಸ್ವಲ್ಪ ಗಟ್ಟಿಯೂ ಆಯಿತು. ರಾತ್ರಿ ಒಬ್ಬನೇ ಕೂತು ಜೋರಾಗಿ ನಕ್ಕೆ.

ಅಲ್ಲೇ ಡಾಲ್ ಎಂಬ ಮುದುಕ ಕೆಮ್ಮುತ್ತಾ ಸತ್ತವರ ಹೆಸರು ಬರೆದುಕೊಳ್ಳುತ್ತಾ ಕೂತಿದ್ದಾನೆ. ನನ್ನನ್ನು ನೋಡಿ ಕೂಗಲಿಲ್ಲ, ಗಾಬರಿಯೂ ಆಗಲಿಲ್ಲ. ಮತ್ತೆ ಬಂದೆಯಾ ಅನ್ನುವ ಹಾಗೆ ನೋಡಿದ. ಎಷ್ಟೋ ಸಲ ನನ್ನ ಹೆಣ ಈ ಮನೆಗೆ ಬಂದು, ಎದ್ದು ಹೋಗಿದೆಯಂತೆ. ಈ ಗೇಮಿನಲ್ಲಿ ಸತ್ತರೆ ಆಟ ಮುಗಿಯುವುದಿಲ್ಲ, ಎಲ್ಲೋ ಒಂದು ಕಡೆ ಎದ್ದು ಕೂರುತ್ತೀರಿ. ಮೊದಮೊದಲು ಇದು ಆಡುವವನಿಗೆ ಕೊಟ್ಟ ಅನುಕೂಲ ಅಂದುಕೊಂಡಿದ್ದೆ. ಡಾಲ್ ಮುಖ ನೋಡಿದ ಮೇಲೆ ಅದು ಅನುಕೂಲ ಅಲ್ಲ ಅನಿಸಿತು. ಸಾಯಲಾಗದವನು ಸುತ್ತಮುತ್ತಲಿನವರಿಗೆ ಎಂಥ ಹೊರೆ! ಡೇಯೊನಾರಾ ಇರುವುದೂ ಇದೇ ಕಟ್ಟಡದಲ್ಲಿ. ಅಂದರೆ ಆಟ ಶುರುವಾದ ಸ್ವಲ್ಪ ಹೊತ್ತಿಗೇ ಆ ಎರಡು ಸಾಲು ಎದುರಾಗುತ್ತವೆ. ಸಾಗರದಲ್ಲಿ ನಾನು ಅಲ್ಲಿಯವರೆಗೂ ಮುಟ್ಟಿರಲಿಲ್ಲ.

ಇನ್ನು ಮುಖ್ಯ ವಿಷಯ. ಈ ಗೇಮಿನಲ್ಲಿ ಸುಮಾರು 8 ಲಕ್ಷ ಪದ ಇದೆ ಅಂತ ಹೇಳುತ್ತಾರೆ. ಮುನ್ನೂರು ಪುಟದ ಒಂದು ಕಾದಂಬರಿಗೆ ಎಂಬತ್ತು ಸಾವಿರ ಪದ ಅಂತ ಹಿಡಿದರೂ ಹತ್ತು ಕಾದಂಬರಿ ಆಯಿತು. ಕ್ರಿಸ್ ಅವೆಲೋನ್ ಮುಖ್ಯ ವಿನ್ಯಾಸಕ. ಇಷ್ಟು ಪದಗಳಲ್ಲಿ ದನಿ ಕೊಟ್ಟು ಆಡಿಸಿದ್ದು ಅಲ್ಲೊಂದು ಇಲ್ಲೊಂದು ಸಾಲು. ಮಿಕ್ಕಿದ್ದೆಲ್ಲ ನೀವೇ ಓದಬೇಕು. ಪಾತ್ರ ಕೈ ಹೇಗೆ ಆಡಿಸಿತು, ವಾಸನೆ ಹೇಗಿತ್ತು, ಕಣ್ಣು ಎತ್ತ ಹೊರಳಿತು, ಎಲ್ಲವೂ ಬರಹದಲ್ಲಿ. ಚಿತ್ರದಲ್ಲಿ ಕಾಣುವುದು ಹೆಬ್ಬೆರಳಿನಷ್ಟು ಗೊಂಬೆ ಮಾತ್ರ.

ಇಷ್ಟು ಮಾತು, ಇಷ್ಟು ಆಯ್ಕೆ ಅಂದ ಮೇಲೆ ನಾವು ಆರಿಸಿದ ಹಾಗೆ ಕಥೆ ಬದಲಾಗಬೇಕಲ್ವಾ? ಆಫೀಸಿನ ಗೆಳೆಯ 2023ರಲ್ಲಿ ಬಂದ 'ಬಾಲ್ಡರ್ಸ್ ಗೇಟ್ 3' ಆಡಿ ಮುಗಿಸಿದವನು. ಅವನ ಅಳತೆ ಇದೇ: ಎಷ್ಟು ಅಂತ್ಯ ಇದೆ, ಯಾರನ್ನು ಉಳಿಸಬಹುದು, ಯಾವ ಆಯ್ಕೆ ಎಲ್ಲಿಗೆ ಮುಟ್ಟುತ್ತದೆ. "ಕಥೆ ಬದಲಾಗದಿದ್ರೆ ಆಯ್ಕೆ ಕೊಟ್ಟು ಏನು ಪ್ರಯೋಜನ? ಬರೀ ಕಣ್ಣೊರೆಸೋದು" ಅಂತಾನೆ. ಈ ವಾದ ಹೊಸದಲ್ಲ. ಆಯ್ಕೆ ಇರುವ ಯಾವ ಗೇಮ್ ಬಂದರೂ ಈ ಜಗಳ ಆಗುತ್ತದೆ. ನಾನೂ ಒಂದು ಕಾಲದಲ್ಲಿ ಇದನ್ನೇ ಹೇಳುತ್ತಿದ್ದೆ.

ಡೇಯೊನಾರಾಳ ಮುಂದೆ ಕೂತಾಗ ನನಗೆ ದೊಡ್ಡಪ್ಪ ನೆನಪಾದರು.

ನಮ್ಮ ದೊಡ್ಡಪ್ಪ ತಾಳಮದ್ದಳೆ ಅರ್ಥಧಾರಿ. ಹೆಸರುವಾಸಿ ಏನಲ್ಲ, ನಮ್ಮ ಸುತ್ತಿನ ನಾಲ್ಕು ಊರಿನಲ್ಲಿ ಗೊತ್ತು, ಅಷ್ಟೇ. ತಾಳಮದ್ದಳೆ ನೋಡದವರಿಗೆ ಹೇಳಬೇಕೆಂದರೆ, ಅದು ವೇಷವೂ ಕುಣಿತವೂ ಇಲ್ಲದ ಯಕ್ಷಗಾನ. ಭಾಗವತರು ಪದ ಹೇಳುತ್ತಾರೆ. ಮದ್ದಳೆ, ಚೆಂಡೆ ಇರುತ್ತದೆ. ಪಾತ್ರಧಾರಿಗಳು ಪಂಚೆ ಉಟ್ಟು, ಶಾಲು ಹೊದ್ದು, ಎದುರುಬದುರು ಕೂತು ಬರೀ ಮಾತಾಡುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ಅಲ್ಲೇ ಹುಟ್ಟಿದ ಮಾತು, ಅದಕ್ಕೆ 'ಅರ್ಥ' ಅನ್ನುತ್ತಾರೆ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತಾಗ ನಮ್ಮ ಕಡೆ ಇದರದ್ದೇ ಭರಾಟೆ.

ವಾಲಿವಧೆ ಪ್ರಸಂಗ ಅಂತ ಇಟ್ಟುಕೊಳ್ಳಿ. ರಾಮ ಮರದ ಮರೆಯಿಂದ ಬಾಣ ಬಿಟ್ಟಾಗಿದೆ. ವಾಲಿ ಬಿದ್ದಾಗಿದೆ. ವಾಲಿ ಸಾಯುತ್ತಾನೆ ಅಂತ ಊರಿನ ಕೂಸಿಗೂ ಗೊತ್ತು. ಯಾವ ಅರ್ಥಧಾರಿಯೂ ವಾಲಿಯನ್ನು ಬದುಕಿಸಿ ಮನೆಗೆ ಕಳಿಸಲಾರ. ಪ್ರಸಂಗ ಬದಲಾಗುವುದಿಲ್ಲ. ಆದರೂ ಜನ ಕಂಬಳಿ ಹೊದ್ದು, ಮಳೆಯಲ್ಲಿ ಒದ್ದೆಯಾಗಿ ಬಂದು, ಎರಡೆರಡು ಗಂಟೆ ಕೂರುತ್ತಿದ್ದರು. ಯಾಕೆ? ಈ ವಾಲಿ ಹೇಗೆ ಸಾಯುತ್ತಾನೆ ಅಂತ ನೋಡಲಿಕ್ಕೆ. ಬೈದು ಸಾಯುತ್ತಾನಾ, ಪ್ರಶ್ನೆ ಕೇಳಿ ಸಾಯುತ್ತಾನಾ, ಶರಣಾಗಿ ಸಾಯುತ್ತಾನಾ? ಶರಣಾದರೂ ನಿಜವಾಗಿ ಒಪ್ಪಿ ಶರಣಾದನಾ, ಇಲ್ಲ ಮಗ ಅಂಗದನ ಗತಿ ನೆನೆದು ಬಾಯಲ್ಲಿ ಮಾತ್ರ ಒಪ್ಪಿದನಾ? ದೊಡ್ಡಪ್ಪನ ವಾಲಿ ಒಂದು ವರ್ಷ ಹೀಗೆ, ಇನ್ನೊಂದು ವರ್ಷ ಹಾಗೆ ಸಾಯುತ್ತಿದ್ದ. ಮಾರನೇ ದಿನ ಕಟ್ಟೆಯ ಮೇಲೆ ಅದರದ್ದೇ ಚರ್ಚೆ. "ನಿನ್ನೆ ವಾಲಿ ಸೋತ ಹಾಗೆ ಕಾಣಲಿಲ್ಲ ಮಾರಾಯ" ಅನ್ನುತ್ತಿದ್ದರು.

ಟಾರ್ಮೆಂಟ್ ನನಗೆ ಈ ಜಾತಿಯದ್ದು ಅಂತ ಕಂಡಿತು. ಪ್ರಸಂಗ ಬೇರೆ ಯಾರೋ ಬರೆದಿದ್ದಾರೆ. ನನ್ನ ಪಾಲಿಗೆ ಅರ್ಥ. 'ಪ್ರಮಾಣ' ಒತ್ತಿದರೂ 'ಸುಳ್ಳು' ಒತ್ತಿದರೂ ಡೇಯೊನಾರಾ ಕೇಳಿಸಿಕೊಳ್ಳುವುದು ಒಂದೇ ಮಾತು. ಬೇರೆಯಾಗುವುದು ಮಾತಾಡಿದವನು. ಗೇಮ್ ಒಳಗೊಳಗೇ ಒಂದು ಲೆಕ್ಕ ಇಡುತ್ತದೆ. ಆಟದ ಆರಂಭದಲ್ಲಿ ನಿಮ್ಮ ಗುಣ ನಡುವಿನಲ್ಲಿರುತ್ತದೆ, ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ಕೊಟ್ಟ ಮಾತು, ಹೇಳಿದ ಸುಳ್ಳು, ಮಾಡಿದ ಉಪಕಾರ, ಕುಹಕದ ನಗೆ ಎಲ್ಲ ಸೇರಿ ಮುಳ್ಳು ನಿಧಾನವಾಗಿ ಒಂದು ಕಡೆ ವಾಲುತ್ತಾ ಹೋಗುತ್ತದೆ. ನೀನು ಒಳ್ಳೆಯವನೋ ಅಂತ ಯಾರೂ ಮೊದಲೇ ಕೇಳುವುದಿಲ್ಲ. ಮಾತಾಡಿದ ಮೇಲೆ ಗೊತ್ತಾಗುತ್ತದೆ. ಇದನ್ನು ಗೆಳೆಯನಿಗೆ ಹೇಳಿದೆ. "ನಿಮ್ಮ ಊರಿನವರಿಗೆ ಎಲ್ಲಾದ್ರಲ್ಲೂ ಯಕ್ಷಗಾನ ಕಾಣುತ್ತೆ" ಅಂದ. ಇರಬಹುದು.

ಇನ್ನೊಂದು ಹಿಡಿಸಿದ ಸಂಗತಿ. ಹೊಸ ಗೇಮುಗಳಲ್ಲಿ ಯಾವ ಮಾತಿಗೆ ಎಷ್ಟು ಬುದ್ಧಿ ಬೇಕು ಅಂತ ಪಕ್ಕದಲ್ಲೇ ಬರೆದಿರುತ್ತದೆ. ದಾಳ ಉರುಳುತ್ತದೆ, ಸೋತರೆ ಕೆಂಪು ಬಣ್ಣ. ಇಲ್ಲಿ ಹಾಗಿಲ್ಲ. ನಿಮ್ಮ ವಿವೇಕಕ್ಕೆ ಹೊಳೆಯುವ ಮಾತು ಪಟ್ಟಿಯಲ್ಲಿ ಬರುತ್ತದೆ. ಹೊಳೆಯದ್ದು ಬರುವುದೇ ಇಲ್ಲ. ನಿಮಗೆ ಯಾವ ಮಾತು ಹೊಳೆಯಲಿಲ್ಲ ಅಂತ ನಿಮಗೆ ತಿಳಿಯುವ ಹಾಗೇ ಇಲ್ಲ. ಜಗಳ ಮುಗಿದು ಮನೆಗೆ ಬಂದು ಸ್ನಾನ ಮಾಡುವಾಗ ಹೊಳೆಯುತ್ತದಲ್ಲ, ಛೇ, ಹೀಗೆ ಹೇಳಬೇಕಿತ್ತು ಅಂತ, ಆ ಸೌಭಾಗ್ಯವೂ ಇಲ್ಲ.

ಹೆಣದ ಮನೆಯಿಂದ ಹೊರಗೆ ಬಿದ್ದರೆ ಸಿಗಿಲ್ ಎಂಬ ಊರು. ಈ ಊರು ಗೇಮಿಗಾಗಿ ಹುಟ್ಟಿದ್ದಲ್ಲ. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ, ಮೇಜಿನ ಸುತ್ತ ಕೂತು ಆಡುವ ಕಥೆಯಾಟಕ್ಕೆ 1994ರಲ್ಲಿ ಡೇವಿಡ್ ಕುಕ್ ಕಟ್ಟಿಕೊಟ್ಟ ಲೋಕ. ಒಂದು ಟೈರಿನ ಒಳಮೈಗೆ ಊರನ್ನು ಅಂಟಿಸಿದರೆ ಹೇಗೋ ಹಾಗಿದೆ. ತಲೆ ಎತ್ತಿದರೆ ಆಕಾಶದ ಬದಲು ಎದುರುಬದಿಯ ಮನೆಗಳ ಮಾಡು. ಊರಿಗೆ ಒಬ್ಬಳು ಒಡತಿ, ಲೇಡಿ ಆಫ್ ಪೇನ್. ಮಾತಾಡುವುದಿಲ್ಲ, ನಡೆಯುವುದಿಲ್ಲ, ತೇಲುತ್ತಾಳೆ. ತಲೆಯ ಸುತ್ತ ಅಲಗುಗಳ ಪ್ರಭಾವಳಿ. ಅವಳನ್ನು ಪೂಜಿಸಿದರೆ ಶಿಕ್ಷೆ! ದೇವರಾಗಲು ಒಲ್ಲದ ದೇವಿಯನ್ನು ನಾನು ಮೊದಲ ಸಲ ಕಂಡದ್ದು. ಅವಳ ಆಳುಗಳು ಡಾಬಸ್. ದಿನವಿಡೀ ಗೋಡೆ ಕೆಡವಿ, ಗೋಡೆ ಕಟ್ಟುತ್ತಾರೆ. ಬಾಯಲ್ಲಿ ಮಾತಿಲ್ಲ, ತಲೆಯ ಮೇಲೆ ಚಿತ್ರಗಳು ಮೂಡುತ್ತವೆ, ಅದನ್ನು ಒಗಟಿನ ಹಾಗೆ ಬಿಡಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಹದಿನೈದು ವರ್ಷ ಇದ್ದವನಿಗೆ ಒಂದೇ ರಸ್ತೆ ಅಗೆದು ಮುಚ್ಚಿ ಅಗೆಯುವವರು ಹೊಸಬರಲ್ಲ ಬಿಡಿ.

ಸಿಗಿಲ್‌ಗೆ ಬಾಗಿಲುಗಳ ಊರು ಅಂತ ಇನ್ನೊಂದು ಹೆಸರು. ಯಾವ ಕಮಾನು, ಯಾವ ಕಿಟಕಿ ಬೇಕಾದರೂ ಬೇರೆ ಲೋಕಕ್ಕೆ ದಾರಿ ಆಗಿರಬಹುದು. ತೆರೆಯಲು ಕೀಲಿ ಬೇಕು. ಕೀಲಿ ಅಂದರೆ ಕಬ್ಬಿಣದ್ದೇ ಆಗಬೇಕಿಲ್ಲ. ಒಂದು ಎಲುಬು, ಒಂದು ರಾಗ, ಮನಸ್ಸಿಗೆ ಬಂದ ಒಂದು ಯೋಚನೆ ಕೂಡ ಕೀಲಿಯಾಗಬಹುದು. ಕೇಳಲಿಕ್ಕೆ ಮಜಾ ಇದೆ. ಆದರೆ ಬೀದಿಯಲ್ಲಿ ಇನ್‌ಗ್ರೆಸ್ ಎಂಬ ಹೆಂಗಸು ಸಿಗುತ್ತಾಳೆ. ಅವಳು ಯಾವುದೋ ಲೋಕದಿಂದ ಅಕಸ್ಮಾತ್ ಇಂಥ ಬಾಗಿಲು ದಾಟಿ ಇಲ್ಲಿಗೆ ಬಿದ್ದವಳು. ಆಮೇಲೆ ಯಾವ ಬಾಗಿಲನ್ನೂ ದಾಟಲು ಹೆದರಿಕೆ. ಮನೆಯೊಳಗೆ ಕಾಲಿಡುವುದಿಲ್ಲ. ಕಮಾನಿನ ಕೆಳಗೆ ಹೋಗುವುದಿಲ್ಲ. ಊರಿನ ತುಂಬಾ ಬಾಗಿಲು, ಇವಳು ಬೀದಿಯಲ್ಲೇ. ಹತ್ತು ಸಾಲಿನ ಸಣ್ಣ ಪಾತ್ರ ಅದು. ಈ ಇಡೀ ಲೋಕ ಎಂಥದು ಅಂತ ನನಗೆ ಅರ್ಥವಾದದ್ದು ಅವಳಿಂದ.

ಭಾಷೆಯ ವಿಷಯಕ್ಕೆ ಬರುತ್ತೇನೆ. ಅಂದು ನನ್ನನ್ನು ಓಡಿಸಿದ್ದು ಅದೇ ಅಲ್ವಾ. ಸಿಗಿಲ್‌ನ ಜನ ಆಡುವುದು ಒಂಥರಾ ಬೀದಿ ಇಂಗ್ಲಿಷ್. ಹಳೇ ಇಂಗ್ಲೆಂಡಿನ ಕಳ್ಳಕಾಕರ ಮಾತುಗಳನ್ನು ಎತ್ತಿಕೊಂಡು ಮಾಡಿದ್ದು. ಪೆದ್ದನಿಗೆ ಬರ್ಕ್ ಅನ್ನುತ್ತಾರೆ. ದುಡ್ಡಿಗೆ ಜಿಂಕ್. ಊರಿನ ಸುದ್ದಿಗೆ ಚಾಂಟ್. ಗುಟ್ಟಿಗೆ ಡಾರ್ಕ್. ಯಾರಾದರೂ ಸತ್ತರೆ ಡೆಡ್-ಬುಕ್ ಸೇರಿದ ಅನ್ನುತ್ತಾರೆ. ಅಂದು ಡಿಕ್ಷನರಿಯಲ್ಲಿ ಇವು ಸಿಕ್ಕಿರಲಿಲ್ಲ, ತಪ್ಪು ನನ್ನದೇ ಅಂದುಕೊಂಡಿದ್ದೆ. ಈಗ ನೋಡಿದರೆ ಇಂಗ್ಲಿಷ್ ಮನೆಮಾತಿನವರಿಗೂ ಇದು ಮೊದಮೊದಲು ಕಷ್ಟವೇ. ಎರಡು ಮೂರು ಗಂಟೆಯಲ್ಲಿ ಕಿವಿ ಒಗ್ಗುತ್ತದೆ. ನಾನಂತೂ ಓದುವಾಗ ಮನಸ್ಸಲ್ಲೇ ಕನ್ನಡ ಮಾಡಿಕೊಳ್ಳುತ್ತಿದ್ದೆ. ಡೆಡ್-ಬುಕ್ ಅಂದರೆ 'ಟಿಕೆಟ್ ತಗೊಂಡ'. ಚಾಂಟ್ ಏನು ಅಂದರೆ 'ಏನಪ್ಪಾ ಸಮಾಚಾರ'. ಮಾರ್ಟ್‌ನ ಮಾತು ಪೂರ್ತಿ ನಮ್ಮ ಬಸ್‌ಸ್ಟ್ಯಾಂಡ್ ಕನ್ನಡಕ್ಕೆ ಬಂದುಬಿಡುತ್ತದೆ. ಈ ಗೇಮ್ ಕನ್ನಡಕ್ಕೆ ಬಂದಿಲ್ಲ. 8 ಲಕ್ಷ ಪದ ಯಾರು ತರುತ್ತಾರೆ? ತಂದರೂ ಪಠ್ಯಪುಸ್ತಕದ ಕನ್ನಡದಲ್ಲಿ ತಂದರೆ ಬುರುಡೆ ಸತ್ತೇ ಹೋಗುತ್ತದೆ.

ಮರಗಳಿಗಾಗಿ ಅಳುವ ಒಬ್ಬ ಇದ್ದಾನೆ. ಆ ಕೊಳೆಗೇರಿಯಲ್ಲಿ ನಾಲ್ಕಾರು ಬಡಕಲು ಮರ. ನೀರು, ಗೊಬ್ಬರ ಏನೂ ಕೇಳುವುದಿಲ್ಲ. ಇವು ಚೆನ್ನಾಗಿರಲಿ ಅಂತ ನೀವು ನಿಜವಾಗಿ ಮನಸ್ಸಿಟ್ಟರೆ ಸಾಕು ಅನ್ನುತ್ತಾನೆ. ಈ ಲೋಕದಲ್ಲಿ ನಂಬಿಕೆಯೇ ಗೊಬ್ಬರ. ತುಂಬಾ ಜನ ನಂಬಿದ್ದು ನಿಜವಾಗುತ್ತದೆ. ಇದರ ಇನ್ನೊಂದು ಮುಖ ನನಗೆ ಗೆಳೆಯ ಹೇಳಿದ್ದು. ಯಾರಾದರೂ ಹೆಸರು ಕೇಳಿದಾಗ ನನ್ನ ಹೆಸರು ಅಡಾನ್ ಅಂತ ಸುಳ್ಳು ಹೇಳುವ ಆಯ್ಕೆ ಆಗಾಗ ಬರುತ್ತದೆ. ನಾನೂ ಒಂದೆರಡು ಸಲ ಹೇಳಿದ್ದೆ, ಸುಮ್ನೆ. ಅದನ್ನೇ ಹೇಳುತ್ತಾ ಹೋದರೆ ಒಂದು ದಿನ ಊರಿನ ಹೆಂಡದಂಗಡಿಯಲ್ಲಿ ಅಡಾನ್ ಎಂಬ ಮನುಷ್ಯ ಕೂತಿರುತ್ತಾನಂತೆ. ನಿಮ್ಮ ಸುಳ್ಳನ್ನು ಅಷ್ಟು ಜನ ನಂಬಿದ್ದರಿಂದ ಹುಟ್ಟಿದವನು! ಇದನ್ನು ಕೇಳಿದ ಮೇಲೆ ನಾನು ಅಡಾನ್ ಅನ್ನುವುದು ಬಿಟ್ಟೆ. ಪಾಪ, ಇನ್ನೊಬ್ಬನನ್ನು ಆ ಊರಿಗೆ ಯಾಕೆ ತರಬೇಕು.

ದೂರುಗಳೂ ಇವೆ. ಹೊಡೆದಾಟ ಕೆಟ್ಟದಾಗಿದೆ, ಮುಚ್ಚಿಡುವುದೇನಿಲ್ಲ. ಇದೇ ಗೇಮ್ ಎಂಜಿನ್, ಅಂದರೆ ಇದೇ ಸಾಫ್ಟ್‌ವೇರ್ ಅಡಿಪಾಯದ ಮೇಲೆ 1998ರಲ್ಲಿ ಬಂದ 'ಬಾಲ್ಡರ್ಸ್ ಗೇಟ್' ಇದಕ್ಕಿಂತ ಚೆನ್ನಾಗಿ ಬಡಿದಾಡುತ್ತದೆ. ಇಲ್ಲಿ ನಾಲ್ಕು ಜನ ಪುಂಡರು ಬಂದರೆ ನಮ್ಮ ಬಳಗ ಒಬ್ಬರ ಮೇಲೊಬ್ಬರು ಬಿದ್ದು, ದಾರಿ ತಪ್ಪಿ, ಗೋಡೆಗೆ ತಿಕ್ಕುತ್ತಾ ನಿಲ್ಲುತ್ತಾರೆ. ಊರಿನ ಆ ತುದಿಯಿಂದ ಈ ತುದಿಗೆ ಒಂದು ಮಾತು ಹೇಳಲು ನಡೆದು ನಡೆದು ಸಾಕಾಗುತ್ತದೆ. ಹೆಂಗಸರ ವಿಷಯದಲ್ಲಿ ಗೇಮಿಗೆ ಅದರ ಕಾಲದ ಚಟ ಇದೆ. ಬೀದಿಯಲ್ಲಿ ಕಾಣುವವರಲ್ಲಿ ಅರ್ಧ ಜನ ಸೂಳೆಯರು, ಮುಖ್ಯ ಹೆಂಗಸರಿಗೆ ಬಟ್ಟೆ ಕಡಿಮೆ, ಮಾರ್ಟ್ ಬಾಯಲ್ಲಿ ಪೋಲಿ ಜೋಕು. ಮೊದಲ ಸಲ ನಗು ಬರಬಹುದು, ಇಪ್ಪತ್ತನೇ ಸಲಕ್ಕೆ ಪೀಡೆ. ಹೆಂಡತಿ ಪಕ್ಕದಲ್ಲಿದ್ದಾಗ ನಾನೇ ಬೇಗ ಬೇಗ ಮುಂದೆ ಒತ್ತುತ್ತೇನೆ. ಇಷ್ಟು ಬುದ್ಧಿವಂತಿಕೆಯಿಂದ ಬರೆದವರಿಗೆ ಇದು ಮಾತ್ರ ಹೇಗೆ ಹೊಳೆಯಲಿಲ್ಲವೋ.

ಹಾಗಂತ ಒಳ್ಳೆಯ ಹೆಂಗಸರೇ ಇಲ್ಲ ಅಂತಲ್ಲ. ಮೆಬೆತ್ ಎಂಬ ಸೂಲಗಿತ್ತಿ ಮುದುಕಿ ಇದ್ದಾಳೆ, ಚಿಂದಿ ಆಯುವವರ ಕೇರಿಯಲ್ಲಿ. ಮಾಟಮಂತ್ರ ಕಲಿಸು ಅಂತ ಅವಳ ಹತ್ತಿರ ಹೋದೆ. ಕಲಿಸಲಿಲ್ಲ. ಮೊದಲು ಹೋಗಿ ಒಂದು ಮುಳ್ಳಿನ ಗಿಡ ತಾ ಅಂದಳು. ತಂದೆ. ಈ ಬಟ್ಟೆ ಕೊಟ್ಟು ಒಗೆಸಿಕೊಂಡು ಬಾ ಅಂದಳು. ಒಗೆದವನು ಅದಕ್ಕೆ ಎಷ್ಟು ಗಂಜಿ ಹಾಕಿದ್ದನೆಂದರೆ ಬಟ್ಟೆ ಹಲಗೆಯಾಗಿತ್ತು. ಆಮೇಲೆ ಶಾಯಿ ತಾ ಅಂದಳು. ಪ್ರತಿ ಸಲವೂ ಅರ್ಧ ಊರು ನಡೆಯಬೇಕು. ನಡೆಯುವುದರ ಬಗ್ಗೆ ಈಗಷ್ಟೇ ಬೈದೆ, ಆದರೆ ಇಲ್ಲಿ ಮಾತ್ರ ಆ ನಡಿಗೆಗೂ ಅರ್ಥವಿತ್ತು. ಮೂರೂ ಮುಗಿದ ಮೇಲೆ ಕೇಳುತ್ತಾಳೆ, ಇದರಿಂದ ಏನು ಕಲಿತೆ ಅಂತ. ಗುರುವಿನ ಮನೆಯ ಚಾಕರಿ ಅಂದರೆ ಇದೇ ಅಲ್ವಾ. ದೊಡ್ಡಪ್ಪ ಅರ್ಥ ಕಲಿಯಲು ಹೋದಾಗಲೂ ಮೊದಲ ಒಂದು ವರ್ಷ ತಾಂಬೂಲದ ತಟ್ಟೆ ತೊಳೆದದ್ದಂತೆ, ಜಮಖಾನೆ ಹಾಸಿ ಮಡಚಿದ್ದಂತೆ. ಮೆಬೆತ್ ಕೇಳಿದ್ದಕ್ಕೆ ನಾನು ಆರಿಸಿದ ಉತ್ತರ ಇಲ್ಲಿ ಬರೆಯುವುದಿಲ್ಲ. ಅವಳು ನಕ್ಕಳು, ಕಲಿಸಿದಳು.

ಈಗ ಹದಿನಾಲ್ಕು ಗಂಟೆ ಆಡಿದ್ದೇನೆ. ಬುರುಡೆಯ ಜೊತೆಗೆ ಡಾಕ್ಕನ್ ಎಂಬ ಮಿತಭಾಷಿ ಮುದುಕ ಸೇರಿದ್ದಾನೆ. ಅವನ ಮನಸ್ಸು ಹೇಗಿದೆಯೋ ಅವನ ಕತ್ತಿಯೂ ಹಾಗೆ ಆಗುತ್ತದಂತೆ. ಅವನ ಮುಖದಲ್ಲಿ ಏನೋ ಹೇಳದ ಸಾಲ ಕಾಣುತ್ತದೆ. ಫ್ಯಾರಡ್ ಸಿಕ್ಕಿದ್ದಾನೆ, ನೆಲದಡಿಯ ಊರಿನಲ್ಲಿ, ಕಸದ ರಾಜನ ಹಾಗೆ ಕೂತಿದ್ದ. ಗೋರಿಗಳ ನಡುವೆ ಒಂದು ಕಂಚಿನ ಗೋಲ ಹುಡುಕಿ ತಾ ಅಂದಿದ್ದಾನೆ. ಹೋಗಬೇಕು. ಈ ಗೇಮಿನಲ್ಲಿ ಮುಂದೆ ಒಂದು ಪ್ರಸಿದ್ಧ ಪ್ರಶ್ನೆ ಬರುತ್ತದೆ, ಅದನ್ನು ಎಲ್ಲರೂ ಎಲ್ಲ ಕಡೆ ಬರೆದು ಬರೆದು ನನಗೆ ಬೇಡವೆಂದರೂ ಗೊತ್ತಾಗಿದೆ. ಬರಲಿ, ನೋಡೋಣ. ನನಗೆ ಸದ್ಯಕ್ಕೆ ಆ ಎರಡು ಸಾಲೇ ಸಾಕಾಗಿದೆ.

ಭಾನುವಾರ ದೊಡ್ಡಪ್ಪನಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಗೇಮ್ ಅಂದರೆ ಅವರಿಗೆ ಮಕ್ಕಳು ಮೊಬೈಲ್ ಹಿಡಿದು ಕೂಗಾಡುವುದು. ಆದರೂ ಪೂರ್ತಿ ಕೇಳಿದರು. ಸತ್ತ ಹೆಂಗಸು, ಒಂದೇ ಮಾತು, ಎರಡು ಗುರುತು.

"ಹಾಗಾದ್ರೆ ಆಡುವವನಿಗೆ ಮಾತ್ರ ಗೊತ್ತು, ಅವಳಿಗೆ ಗೊತ್ತಾಗಲ್ಲ?"

"ಇಲ್ಲ, ಅವಳಿಗೆ ಗೊತ್ತಾಗಲ್ಲ."

"ಛಲೋ ಇದೆಯಲ್ಲೋ. ನೀನು ಯಾವುದು ಒತ್ತಿದೆ?"

ಹೇಳಿದೆ. ಅವರು ಹೂಂ ಅಂದರು, ಸರಿ ಅಂತಲೂ ಅನ್ನಲಿಲ್ಲ, ತಪ್ಪು ಅಂತಲೂ ಅನ್ನಲಿಲ್ಲ. ಮಳೆ ಕಡಿಮೆ ಆದದ್ದು, ಕೊಳೆರೋಗಕ್ಕೆ ಮೂರನೇ ಸಲ ಔಷಧಿ ಹೊಡೆಸಿದ್ದು, ಆಳು ಸಿಗದಿರುವುದು ಎಲ್ಲ ಹೇಳಿದರು. ಫೋನ್ ಇಡುವ ಮೊದಲು ಪ್ರತಿ ವರ್ಷದ ಹಾಗೆ ಕೇಳಿದರು.

"ಈ ಸಲ ಅಡಿಕೆ ಕೊಯ್ಲಿಗಾದ್ರೂ ಬರ್ತೀಯೇನೋ?"

"ಬರ್ತೀನಿ ದೊಡ್ಡಪ್ಪ" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಅವರು ನಕ್ಕಿದ್ದು ಕೇಳಿಸಿತು.